ಬಾರ್ಕಸ್ ಬಡಾವಣೆಯ ಪೂರ್ವಕಥೆ

ಹೈದರಾಬಾದಿಗೆ ಸಮುದ್ರವಿಲ್ಲ. ಆದರೂ ಚಾಂದ್ರಾಯಣಗುಟ್ಟದ ಆಚೆಯ ಬಾರ್ಕಸ್ ಬಡಾವಣೆಯ ಚರಿತ್ರೆಗೂ ಕಡಲಾಚೆಯ ಮುಕಲ್ಲಾ ಬಂದರಿಗೂ ನಂಟುಂಟು. ಬಾರ್ಕಸ್ ಎಂಬುದು ಅರಬ್ಬೀ ಮಾತಲ್ಲ; ಇಂಗ್ಲಿಷಿನ ‘ಬ್ಯಾರಕ್ಸ್’ ಜನರ ಬಾಯಲ್ಲಿ ಸವೆದು ಹೀಗಾಯಿತು. ನಿಜಾಮರ ಅರಬ್ ಸಿಪಾಯಿಗಳು ಅಲ್ಲಿದ್ದರು.

ಅವರ ತೌರು ಈಗಿನ ಯೆಮೆನ್ ದೇಶದ ಹದ್ರಮೌತ್. ಮಳೆ ಅಪರೂಪ, ಬೆಳೆಯನ್ನು ನಂಬುವಂತಿಲ್ಲ. ರಾಯಚೂರು, ಕಲಬುರಗಿಗಳ ಕಡೆಯಿಂದ ಬಂದ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಡಗು ಹತ್ತಿ ಬಂದು ದಂಡಿಗೆ ಸೇರಿದರು. ಉಳಿದದ್ದನ್ನು ಮನೆಗೆ ಕಳುಹಿಸಿದರು. ಅವರಲ್ಲಿ ಉಮರ್ ಬಿನ್ ಅವಧ್ ಅಲ್ ಕುಐತಿ ಎಂಬಾತನು 19ನೆಯ ಶತಮಾನದಲ್ಲಿ ಜಮಾದಾರನಾಗಿ ಅಪಾರ ಹಣ ಗಳಿಸಿದನು. (ಇಲ್ಲಿ ಜಮಾದಾರನೆಂದರೆ ಪಡೆಯ ನಾಯಕ, ನಮ್ಮ ಆಫೀಸಿನ ಜಮಾದಾರನಲ್ಲ.) ಆ ಹಣದ ಬಲದಿಂದ ಅವನ ಮಕ್ಕಳು ಶಿಹ್ರ್ ಬಂದರನ್ನೂ, 1881ರಲ್ಲಿ ಮುಕಲ್ಲಾವನ್ನೂ ಕೈವಶ ಮಾಡಿಕೊಂಡರು. ಹೀಗೆ ದಖನ್ನಿನ ಸಂಬಳದಿಂದ ಅರಬಸ್ತಾನದ ಕಡಲದಂಡೆಯಲ್ಲಿ ಕಟ್ಟಿದ ಸುಲ್ತಾನಗಿರಿ 1967ರವರೆಗೆ ನಡೆಯಿತು.

ಸಾಮಾನ್ಯ ಸಿಪಾಯಿಯ ಪಾಡು ಬೇರೆ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬಳಿಕ ಪಡೆಗಳು ಚದುರಿದವು, ಸಂಬಳ ನಿಂತಿತು. ಕೆಲವರನ್ನು ಹಡಗಿನಲ್ಲಿ ಅರಬಸ್ತಾನಕ್ಕೆ ಸಾಗಿಸಿದರು. ಆದರೆ ಅನೇಕರು ಹುಟ್ಟಿದ್ದೇ ಇಲ್ಲಿ, ತಾಯಂದಿರು ಇಲ್ಲಿಯವರು. ಅಂಥವರನ್ನು ಯಾವ ಊರಿಗೆಂದು ‘ವಾಪಸು’ ಕಳುಹಿಸುವುದು? ಅವರು ಇಲ್ಲಿಯೇ ನಿಂತರು. ಹೆಸರಿನಲ್ಲಿ ‘ಬಿನ್’, ‘ಬಾ’ ಉಳಿದವು, ಉಡುಪಿನಲ್ಲಿ ಲುಂಗಿ, ಅಡಿಗೆಯಲ್ಲಿ ಹರೀಸ್. ಬಾರ್ಕಸಿನ ಪೇರಲಹಣ್ಣೂ ಹೆಸರಾಯಿತು. 1970ರ ದಶಕದಿಂದ ಆ ಮನೆಗಳ ಹುಡುಗರು ಕೆಲಸ ಹುಡುಕಿಕೊಂಡು ಕೊಲ್ಲಿ ದೇಶಗಳಿಗೆ ಹೊರಟರು. ಈ ಸಲ ಹಣ ಆ ಕಡೆಯಿಂದ ಈ ಕಡೆಗೆ ಬರತೊಡಗಿತು.