ಪಂಕ್ಚರಾದ ಗಾಲಿ: ಸ್ವಂತ ದುರಸ್ತಿಯೋ, ಅಂಗಡಿಯ ದುರಸ್ತಿಯೋ?

ತರಗತಿ: ಎಂಟನೆಯದು
ವಿಷಯ: ಕಾರ್ಯಾನುಭವ (ಕನ್ನಡ, ಗಣಿತ ಮತ್ತು ವಿಜ್ಞಾನಗಳೊಡನೆ ಜೋಡಿಸಿ)
ಅವಧಿಗಳು: ಮೂರು

ಪಾಠದ ಹಿನ್ನೆಲೆ

ಅಕ್ಕಲಕೋಟ ಮತ್ತು ಜತ್ತ ತಾಲೂಕುಗಳಲ್ಲಿ ಊರ ಹೊರಗಿನ ವಸ್ತಿಗಳಿಂದ ಶಾಲೆಗೆ ಬರುವ ಮಕ್ಕಳಿಗೆ ಸೈಕಲ್ಲೇ ಆಧಾರ. ಅವರು ಬರುವ ದಾರಿಗಳ ಬದಿಯಲ್ಲಿ ಜಾಲಿಯ ಗಿಡಗಳಿವೆ. ಹೊಲದ ಬದುವಿನಲ್ಲಿ ನೆಗ್ಗಿಲು ಹಬ್ಬಿರುತ್ತದೆ. ನೆಗ್ಗಿಲ ಕಾಯಿ ಒಣಗಿ ಹೋಳುಗಳಾಗಿ ಉದುರಿದಾಗ, ಹೋಳು ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿ ನಿಲ್ಲುವುದೇ ಹೆಚ್ಚು. ಅಮೆರಿಕದಲ್ಲಿ ಇದೇ ಗಿಡಕ್ಕೆ ‘ಪಂಕ್ಚರ್ ಬಳ್ಳಿ’ ಎಂಬ ಅರ್ಥದ ಹೆಸರೇ ರೂಢಿಯಲ್ಲಿದೆ. ಹೀಗಿರುವಲ್ಲಿ ಗಾಲಿ ಪಂಕ್ಚರಾಗುವುದು ವಿದ್ಯಾರ್ಥಿಯ ಜೀವನದಲ್ಲಿ ಅಪರೂಪದ ಸಂಗತಿಯಲ್ಲ. ಪಂಕ್ಚರಾದ ಮೇಲೆ ಏನು ಮಾಡಬೇಕೆಂಬ ಪ್ರಶ್ನೆಯೇ ಈ ಪಾಠದ ವಸ್ತು.

ಕೊಠಾರಿ ಆಯೋಗವು (1964–66) ಕಾರ್ಯಾನುಭವವನ್ನು ಶಾಲಾ ಶಿಕ್ಷಣದ ಅಂಗವಾಗಿಸಬೇಕೆಂದು ಶಿಫಾರಸು ಮಾಡಿತು. ಕೈಗೆಲಸವು ಓದಿನಿಂದ ಬೇರೆಯಾದುದಲ್ಲ ಎಂಬ ಆ ವಿಚಾರವನ್ನು ಪರೀಕ್ಷಿಸಲು ಸೈಕಲ್ಲಿನ ಗಾಲಿಗಿಂತ ಸುಲಭವಾದ ಸಾಧನ ಶಾಲೆಯ ಆವರಣದಲ್ಲಿ ಸಿಗಲಾರದು.

ಉದ್ದೇಶಗಳು

1. ಪಂಕ್ಚರನ್ನು ಗುರುತಿಸಿ, ಟ್ಯೂಬಿಗೆ ತೇಪೆ ಹಾಕುವ ಕ್ರಮವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಒಮ್ಮೆಯಾದರೂ ಕೈಯಾರೆ ಮಾಡುವುದು.
2. ಸ್ವಂತ ದುರಸ್ತಿ ಮತ್ತು ಅಂಗಡಿಯ ದುರಸ್ತಿಗಳ ಹಣ, ವೇಳೆ ಹಾಗೂ ಅನುಕೂಲಗಳನ್ನು ಲೆಕ್ಕ ಹಾಕಿ ಹೋಲಿಸುವುದು.
3. ಕೆಲಸದ ಕ್ರಮವನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಬರೆಯುವುದು.
4. ದುರಸ್ತಿ ಮಾಡುವವರ ಶ್ರಮ ಮತ್ತು ಜ್ಞಾನವನ್ನು ಗೌರವಿಸುವುದು.

ಮೊದಲನೆಯ ಅವಧಿ: ಸನ್ನಿವೇಶ ಮತ್ತು ಚರ್ಚೆ

ಶಿಕ್ಷಕರು ಈ ಸನ್ನಿವೇಶವನ್ನು ನಿಧಾನವಾಗಿ ಓದಬೇಕು:

“ಒಬ್ಬ ಹುಡುಗಿಯ ಮನೆ ಶಾಲೆಯಿಂದ 4 ಕಿಲೋಮೀಟರ್ ದೂರದ ವಸ್ತಿಯಲ್ಲಿದೆ. ಒಂದು ಬೆಳಿಗ್ಗೆ, ಮನೆಯಿಂದ ಒಂದು ಕಿಲೋಮೀಟರ್ ಬಂದಾಗ ಹಿಂದಿನ ಗಾಲಿಯ ಗಾಳಿ ಹೋಯಿತು. ಸೈಕಲ್ ಅಂಗಡಿ ಇರುವುದು ಶಾಲೆಯ ಊರಿನಲ್ಲಿ. ಅವಳು ಸೈಕಲ್ ತಳ್ಳಿಕೊಂಡು ಮನೆಗೆ ಹಿಂದಿರುಗಿದಳು. ಅಪ್ಪ ಹೊಲದಲ್ಲಿದ್ದ; ಅಣ್ಣ ಬರುವುದು ಸಂಜೆಗೆ. ಸಂಜೆ ಅಣ್ಣ ಬಂದು ನೋಡಿದಾಗ ಮನೆಯಲ್ಲಿದ್ದ ಸೊಲ್ಯೂಷನ್ ಒಣಗಿ ಹೋಗಿತ್ತು. ಮರುದಿನವೂ ಅವಳು ಶಾಲೆಗೆ ಬರಲಿಲ್ಲ.”

ಹಾಜರಿ ಪುಸ್ತಕದಲ್ಲಿ ಎರಡು ದಿನದ ಗೈರುಹಾಜರಿ ಬಿತ್ತು. ಅದಕ್ಕೆ ಕಾರಣವಾದ ರಂಧ್ರವು ಸೂಜಿಯ ಮೊನೆಯಷ್ಟು ದೊಡ್ಡದು. ಈ ಎರಡನ್ನೂ ಶಿಕ್ಷಕರು ಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದು, ಈ ಮುಂದಿನ ಪ್ರಶ್ನೆಗಳನ್ನು ಕೇಳಬೇಕು. ಹುಡುಗಿ ಶಾಲೆಯ ಕಡೆಗೆ ನಡೆಯದೆ ಮನೆಯ ಕಡೆಗೆ ಏಕೆ ತಿರುಗಿದಳು? ಅಂಗಡಿಗೆ ಕೊಡಲು ಅವಳ ಬಳಿ ಹಣವಿದ್ದಿದ್ದರೆ ಆ ಕ್ಷಣದಲ್ಲಿ ಉಪಯೋಗವಾಗುತ್ತಿತ್ತೇ? ಅಣ್ಣನಿಗೆ ತಿಳಿದಿದ್ದ ಕೆಲಸ ಅವಳಿಗೇಕೆ ತಿಳಿದಿರಲಿಲ್ಲ?

ಮೂರನೆಯ ಪ್ರಶ್ನೆಗೆ ತರಗತಿಯಲ್ಲಿ ಮೌನ ಬರಬಹುದು. ಅನೇಕ ಮನೆಗಳಲ್ಲಿ ಸೈಕಲ್ ಓಡಿಸುವವಳು ಮಗಳಾದರೂ ಅದನ್ನು ದುರಸ್ತಿ ಮಾಡುವವನು ಮಗನೇ. ಶಿಕ್ಷಕರು ಇಲ್ಲಿ ಉಪದೇಶ ಮಾಡದೆ, ಎರಡನೆಯ ಅವಧಿಯಲ್ಲಿ ಟೈರ್ ಲಿವರನ್ನು ಮೊದಲು ಹುಡುಗಿಯರ ಕೈಗೆ ಕೊಟ್ಟರೆ ಸಾಕು.

ಭಾಷೆಯತ್ತ ಗಮನ

ಈ ಚರ್ಚೆಯಲ್ಲಿ ಮಕ್ಕಳು ತಮ್ಮ ಮನೆಯ ಮಾತನ್ನೇ ಬಳಸುತ್ತಾರೆ. ಮರಾಠಿಯ ಪ್ರಭಾವವಿರುವ ಕಡೆ ‘ಪಂಕ್ಚರ್ ತೆಗೆಯುವುದು’ ಎನ್ನುತ್ತಾರೆ. ಕರ್ನಾಟಕದ ಹಲವು ಭಾಗಗಳಲ್ಲಿ ‘ಪಂಕ್ಚರ್ ಹಾಕುವುದು’ ಎಂಬ ಮಾತಿದೆ. ಕೆಲಸ ಒಂದೇ, ಕ್ರಿಯಾಪದಗಳು ಮಾತ್ರ ಪರಸ್ಪರ ವಿರುದ್ಧ. ಮೊದಲನೆಯದರಲ್ಲಿ ದೋಷವನ್ನು ತೆಗೆಯುವ ಭಾವವಿದೆ, ಎರಡನೆಯದರಲ್ಲಿ ತೇಪೆಯನ್ನು ಹಾಕುವ ಭಾವವಿದೆ. ಹಾಗೆಯೇ ಹವಾ–ಗಾಳಿ, ಚಾಕ–ಗಾಲಿ ಮುಂತಾದ ಜೋಡಿಗಳನ್ನೂ ಮಕ್ಕಳಿಂದಲೇ ಪಡೆದು ಪಟ್ಟಿ ಮಾಡಬೇಕು. ಮನೆಯ ಮಾತನ್ನು ತಪ್ಪೆಂದು ಹೊಡೆದುಹಾಕದೆ, ಪುಸ್ತಕದ ಮಾತನ್ನು ಅದರ ಪಕ್ಕದಲ್ಲಿ ಬರೆಯಬೇಕು.

ಎರಡನೆಯ ಅವಧಿ: ಪ್ರಾತ್ಯಕ್ಷಿಕೆ

ಬೇಕಾಗುವ ಸಾಮಗ್ರಿ: ಕೈಪಂಪು, ಎರಡು ಟೈರ್ ಲಿವರ್, ರಬ್ಬರ್ ತೇಪೆಗಳು, ಸೊಲ್ಯೂಷನ್, ಮರಳುಕಾಗದ, ಒಂದು ಬುಟ್ಟಿ ನೀರು, ಹಳೆಯ ಬಟ್ಟೆ, ಸೀಮೆಸುಣ್ಣ.

ಕೆಲಸದ ಕ್ರಮ ಹೀಗಿದೆ:

1. ಟೈರನ್ನು ಬಿಚ್ಚುವ ಮೊದಲು ವಾಲ್ವನ್ನು ಪರೀಕ್ಷಿಸಬೇಕು. ಸಾಮಾನ್ಯ ಸೈಕಲ್ಲಿನ ವಾಲ್ವಿನಲ್ಲಿ ಒಂದು ಪಿನ್ನಿಗೆ ಸಣ್ಣ ರಬ್ಬರ್ ನಳಿಕೆಯನ್ನು ತೊಡಿಸಿರುತ್ತಾರೆ. ಅದು ಹಳತಾಗಿ ಸೀಳಿದರೂ ಗಾಳಿ ಹೋಗುತ್ತದೆ. ವಾಲ್ವಿನ ಬಾಯಿಗೆ ನೀರು ಹಚ್ಚಿದಾಗ ಗುಳ್ಳೆ ಬಂದರೆ ನಳಿಕೆಯನ್ನು ಬದಲಿಸಿದರೆ ಸಾಕು, ಪಂಕ್ಚರ್ ಇಲ್ಲದಿರಬಹುದು.
2. ಉಳಿದ ಗಾಳಿಯನ್ನು ಪೂರ್ತಿ ಬಿಟ್ಟು, ವಾಲ್ವಿನಿಂದ ದೂರದ ಭಾಗದಲ್ಲಿ ಲಿವರ್ ತೂರಿಸಿ ಟೈರಿನ ಒಂದು ಅಂಚನ್ನು ರಿಮ್ಮಿನ ಹೊರಗೆ ಎತ್ತಬೇಕು. ಗಾಲಿಯನ್ನು ಸೈಕಲ್ಲಿನಿಂದ ಕಳಚುವ ಅಗತ್ಯವಿಲ್ಲ.
3. ಟ್ಯೂಬನ್ನು ಹೊರಗೆಳೆದು, ಸ್ವಲ್ಪ ಗಾಳಿ ತುಂಬಿ, ಭಾಗಭಾಗವಾಗಿ ನೀರಿನಲ್ಲಿ ಮುಳುಗಿಸಬೇಕು. ಗುಳ್ಳೆ ಏಳುವ ಜಾಗವನ್ನು ಒರೆಸಿ ಸೀಮೆಸುಣ್ಣದಿಂದ ಗುರುತು ಮಾಡಬೇಕು. ಒಂದು ರಂಧ್ರ ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸದೆ ಟ್ಯೂಬಿನ ಪೂರ್ಣ ಸುತ್ತನ್ನು ನೋಡಬೇಕು.
4. ಟ್ಯೂಬಿನ ಗಾಳಿಯನ್ನು ಬಿಟ್ಟು, ಜಾಗವನ್ನು ಒಣಗಿಸಿ, ತೇಪೆಗಿಂತ ಅಗಲವಾಗಿ ಮರಳುಕಾಗದದಿಂದ ಉಜ್ಜಬೇಕು.
5. ಸೊಲ್ಯೂಷನನ್ನು ತೆಳುವಾಗಿ ಹಚ್ಚಿ, ಅದರ ಹಸಿ ಆರುವವರೆಗೆ ಕೆಲವು ನಿಮಿಷ ಕಾಯಬೇಕು. ಮಕ್ಕಳು ತಪ್ಪುವುದು ಹೆಚ್ಚಾಗಿ ಈ ಹಂತದಲ್ಲಿ. ಸೊಲ್ಯೂಷನ್ ಎಂಬುದು ದ್ರಾವಕದಲ್ಲಿ ಕರಗಿಸಿದ ರಬ್ಬರ್. ದ್ರಾವಕವು ಆವಿಯಾಗಿ ಹೋದ ಮೇಲೆಯೇ ತೇಪೆ ಬಿಗಿಯಾಗಿ ಹಿಡಿಯುತ್ತದೆ.
6. ತೇಪೆಯನ್ನು ಇಟ್ಟು, ನಡುವಿನಿಂದ ಅಂಚಿನ ಕಡೆಗೆ ಗಟ್ಟಿಯಾಗಿ ಒತ್ತಬೇಕು.
7. ಟೈರಿನ ಒಳಮೈಯನ್ನು ಬಟ್ಟೆಯಿಂದ ಸುತ್ತಲೂ ಸವರಿ ಮುಳ್ಳನ್ನು ಹುಡುಕಿ ತೆಗೆಯಬೇಕು. ಮುಳ್ಳು ಒಳಗೇ ಉಳಿದರೆ ಅದೇ ಜಾಗದಲ್ಲಿ ಮತ್ತೆ ರಂಧ್ರವಾಗುತ್ತದೆ.
8. ಟ್ಯೂಬನ್ನು ತಿರುಚಿಕೊಳ್ಳದಂತೆ ಒಳಗಿಟ್ಟು, ಟೈರಿನ ಅಂಚನ್ನು ಕೈಯಿಂದಲೇ ಒಳಗೆ ತಳ್ಳಬೇಕು. ಇಲ್ಲಿ ಲಿವರ್ ಬಳಸಿದರೆ ಟ್ಯೂಬ್ ಸಿಕ್ಕಿಕೊಂಡು ಹೊಸ ರಂಧ್ರ ಬೀಳಬಹುದು.

ಎಚ್ಚರಿಕೆ: ಸೊಲ್ಯೂಷನ್ನಿಗೆ ಬೇಗ ಬೆಂಕಿ ತಗಲುತ್ತದೆ, ಅದರ ಆವಿಯನ್ನು ಸೇವಿಸುವುದು ಹಾನಿಕರ. ಈ ಕೆಲಸವನ್ನು ಬಯಲಿನಲ್ಲಿಯೇ ಮಾಡಿಸಬೇಕು. ಸೊಲ್ಯೂಷನ್ ಶಿಕ್ಷಕರ ಬಳಿಯೇ ಇದ್ದು, ಕೆಲಸ ಮುಗಿದೊಡನೆ ಅದರ ಮುಚ್ಚಳ ಹಾಕಬೇಕು.

ಶಿಕ್ಷಕರಿಗೆ ಮಾಹಿತಿ

1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯನು ಬೆಲ್‌ಫಾಸ್ಟ್ ನಗರದಲ್ಲಿ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದನು. ತನ್ನ ಮಗನ ಮೂರು ಗಾಲಿಯ ಸೈಕಲ್ ಕಲ್ಲಿನ ಹಾದಿಯಲ್ಲಿ ಕುಲುಕದಿರಲೆಂದು ಅವನು ಅದನ್ನು ರಚಿಸಿದ್ದನು. ಸವಾರಿ ಸುಖವಾಯಿತು, ಆದರೆ ಟೈರು ರಿಮ್ಮಿಗೆ ಅಂಟಿಕೊಂಡಿದ್ದುದರಿಂದ ಪಂಕ್ಚರಾದರೆ ದುರಸ್ತಿಗೆ ಗಂಟೆಗಳೇ ಹಿಡಿಯುತ್ತಿದ್ದವು. 1891ರಲ್ಲಿ ಫ್ರಾನ್ಸಿನ ಮಿಶೆಲಿನ್ ಸಹೋದರರು ಕಳಚಿ ಜೋಡಿಸಬಹುದಾದ ಟೈರನ್ನು ತಂದರು. ಅದೇ ವರ್ಷ ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ಮರಳುವ ಸುಮಾರು 1200 ಕಿಲೋಮೀಟರ್ ಸ್ಪರ್ಧೆಯನ್ನು ಶಾರ್ಲ್ ತೆರ‍್ರೋಂ ಎಂಬ ಸವಾರನು ಆ ಟೈರುಗಳ ಮೇಲೆ ಗೆದ್ದನು. ದಾರಿಯಲ್ಲಿಯೇ ದುರಸ್ತಿ ಮಾಡಿಕೊಳ್ಳುವ ಅನುಕೂಲ ಸವಾರನಿಗೆ ದೊರೆತದ್ದು ಹೀಗೆ. ವಸ್ತುವಿನ ರಚನೆಯೇ ಅದನ್ನು ಬಳಸುವವನ ಕೈಗೆ ಕೆಲಸವನ್ನು ಕೊಡಬಹುದು, ಇಲ್ಲವೆ ಕಸಿದುಕೊಳ್ಳಬಹುದು ಎಂಬುದಕ್ಕೆ ಇದು ಉದಾಹರಣೆ.

ಮೂರನೆಯ ಅವಧಿ: ಲೆಕ್ಕ ಮತ್ತು ನಿರ್ಣಯ

ಹಣದ ಲೆಕ್ಕ: ಒಂದು ಪಂಕ್ಚರಿಗೆ ಅಂಗಡಿಯ ದರವೆಷ್ಟು, ದುರಸ್ತಿಯ ಸಾಮಗ್ರಿಗೆ ಬೆಲೆಯೆಷ್ಟು ಎಂದು ವಿದ್ಯಾರ್ಥಿಗಳು ತಮ್ಮ ಊರಿನಲ್ಲಿ ವಿಚಾರಿಸಿ ಬರಬೇಕು. ಸಾಮಗ್ರಿಗೆ 150 ರೂಪಾಯಿ, ಅಂಗಡಿಯ ದರ 30 ರೂಪಾಯಿ ಎಂದು ಇಟ್ಟುಕೊಂಡರೆ, ಐದನೆಯ ಪಂಕ್ಚರಿಗೆ ಎರಡೂ ಖರ್ಚು ಸಮವಾಗುತ್ತವೆ. ಪಂಪನ್ನು ಮೂರು ಮನೆಯವರು ಕೂಡಿ ಕೊಂಡರೆ ಈ ಸಂಖ್ಯೆ ಹೇಗೆ ಬದಲಾಗುತ್ತದೆಂದು ಕೇಳಬೇಕು.

ವೇಳೆಯ ಲೆಕ್ಕ: ಸೈಕಲ್ಲಿನ ವೇಗ ಗಂಟೆಗೆ 12 ಕಿಲೋಮೀಟರ್, ಸೈಕಲ್ ತಳ್ಳಿಕೊಂಡು ನಡೆಯುವ ವೇಗ 4 ಕಿಲೋಮೀಟರ್, ಹೊಸದಾಗಿ ಕಲಿತವರಿಗೆ ದುರಸ್ತಿಗೆ ಬೇಕಾಗುವ ವೇಳೆ 25 ನಿಮಿಷ ಎಂದು ತಿಳಿಯೋಣ. ಒಂದು ಕಿಲೋಮೀಟರ್ ನಡೆಯಲು 15 ನಿಮಿಷ, ಸೈಕಲ್ಲಿನಲ್ಲಿ 5 ನಿಮಿಷ ಬೇಕು. ಉಳಿದ ದೂರವನ್ನು ‘ದ’ ಎಂದು ಕರೆದರೆ,

15ದ = 25 + 5ದ; ಆದ್ದರಿಂದ ದ = 2.5 ಕಿಲೋಮೀಟರ್.

ಶಾಲೆಯು ಎರಡೂವರೆ ಕಿಲೋಮೀಟರಿಗಿಂತ ಹೆಚ್ಚು ದೂರದಲ್ಲಿದ್ದರೆ ದಾರಿಯಲ್ಲಿಯೇ ದುರಸ್ತಿ ಮಾಡುವುದು ಲಾಭ. ಕಡಿಮೆಯಿದ್ದರೆ ತಳ್ಳಿಕೊಂಡು ನಡೆದು, ಬಿಡುವಿನಲ್ಲಿ ದುರಸ್ತಿ ಮಾಡಿಕೊಳ್ಳುವುದು ಅಥವಾ ಅಂಗಡಿಗೆ ಕೊಡುವುದು ಲಾಭ. ಸನ್ನಿವೇಶದ ಹುಡುಗಿಗೆ ಉಳಿದಿದ್ದ ದೂರ 3 ಕಿಲೋಮೀಟರ್. ಅವಳು ಏನು ಮಾಡಬಹುದಿತ್ತು ಎಂಬುದನ್ನು ಈಗ ವಿದ್ಯಾರ್ಥಿಗಳೇ ಹೇಳಬೇಕು. ನಡೆದು ಬಂದಿದ್ದರೂ ಐದೇ ನಿಮಿಷ ತಡವಾಗುತ್ತಿತ್ತು ಎಂಬುದನ್ನು ಯಾರಾದರೂ ಕಂಡುಕೊಂಡರೆ ಅದಕ್ಕೂ ಮನ್ನಣೆ ಸಲ್ಲಬೇಕು.

ಅಂಗಡಿಯ ಪಕ್ಷ

ಎಲ್ಲವನ್ನೂ ಸ್ವತಃ ಮಾಡಬೇಕೆಂಬುದು ಈ ಪಾಠದ ತಾತ್ಪರ್ಯವಲ್ಲ. ವಾಲ್ವಿನ ಬುಡ ಕಿತ್ತುಹೋದರೆ, ಟೈರಿನ ಮಗ್ಗುಲು ಸೀಳಿದರೆ, ತೇಪೆಯ ಮೇಲೆ ತೇಪೆ ಬೀಳುವಂತಾದರೆ, ರಿಮ್ ಬಾಗಿದರೆ ಅಥವಾ ಅರೆಕಡ್ಡಿ ಮುರಿದರೆ ಅಂಗಡಿಗೇ ಹೋಗಬೇಕು. ಹೊಸಬರು 25 ನಿಮಿಷದಲ್ಲಿ ಮಾಡುವುದನ್ನು ಅಂಗಡಿಯವರು ಅದಕ್ಕಿಂತ ಬಹಳ ಬೇಗ ಮಾಡಿ ಮುಗಿಸುತ್ತಾರೆ. ಟ್ಯೂಬ್ ಇನ್ನೆಷ್ಟು ದಿನ ಬಾಳುತ್ತದೆಂದು ಮುಟ್ಟಿಯೇ ಹೇಳುತ್ತಾರೆ. ಕೊಡುವ ಹಣವು ತೇಪೆಯ ಬೆಲೆಯಷ್ಟೇ ಅಲ್ಲ, ಆ ಕೈಯ ಅನುಭವದ ಬೆಲೆಯೂ ಹೌದು. ತಾವೇ ಒಮ್ಮೆ ಮಾಡಿ ನೋಡಿದ ಮಕ್ಕಳಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಊರಿನ ಸೈಕಲ್ ದುರಸ್ತಿಗಾರರನ್ನು ಅರ್ಧ ಗಂಟೆಯ ಮಟ್ಟಿಗೆ ಶಾಲೆಗೆ ಕರೆಯಿಸಿ, ಕುರ್ಚಿ ಕೊಟ್ಟು, ಮಕ್ಕಳು ಹಾಕಿದ ತೇಪೆಗಳನ್ನು ಅವರಿಂದ ಪರೀಕ್ಷೆ ಮಾಡಿಸಬೇಕು. ಅವರ ದುಡಿಮೆಯ ವೇಳೆಗೆ ತಕ್ಕ ಸಂಭಾವನೆಯನ್ನೂ ಕೊಡಬೇಕು. “ಓದದಿದ್ದರೆ ಪಂಕ್ಚರ್ ಅಂಗಡಿ ಇಡಬೇಕಾದೀತು” ಎಂಬ ಮಾತು ಶಾಲೆಗಳಲ್ಲಿ ಬೆದರಿಕೆಯಾಗಿ ಕೇಳಿಬರುತ್ತದೆ. ಆ ಅಂಗಡಿಯವರ ಮಗನೋ ಮಗಳೋ ಅದೇ ತರಗತಿಯ ಬೆಂಚಿನ ಮೇಲೆ ಕುಳಿತಿರಬಹುದು. ಈ ಪಾಠವನ್ನು ಕಲಿಸುವ ಶಿಕ್ಷಕರು ಆ ಮಾತನ್ನು ಬಿಟ್ಟುಬಿಡಬೇಕು.

ಮೌಲ್ಯಮಾಪನ

1. ಪಂಕ್ಚರ್ ದುರಸ್ತಿಯ ಕ್ರಮವನ್ನು, ಅದನ್ನು ಎಂದೂ ನೋಡದ ತಮ್ಮನಿಗೋ ತಂಗಿಗೋ ಅರ್ಥವಾಗುವಂತೆ ಎಂಟು ವಾಕ್ಯಗಳಲ್ಲಿ ಬರೆಯಿರಿ.
2. ದುರಸ್ತಿಗೆ 20 ನಿಮಿಷ ಸಾಕಾದರೆ, ಮೇಲಿನ ಲೆಕ್ಕದಲ್ಲಿ ‘ದ’ ಎಷ್ಟಾಗುತ್ತದೆ?
3. ಸೊಲ್ಯೂಷನ್ ಹಸಿಯಾಗಿರುವಾಗಲೇ ತೇಪೆ ಇಟ್ಟರೆ ಏನಾಗುತ್ತದೆ? ಕಾರಣ ಕೊಡಿರಿ.
4. ಯಾವ ಸಂದರ್ಭಗಳಲ್ಲಿ ಅಂಗಡಿಗೆ ಹೋಗುವುದು ಸರಿ? ಮೂರನ್ನು ಬರೆಯಿರಿ.

ಮುಂದುವರಿದ ಚಟುವಟಿಕೆ

ಪಾಠ ಮುಗಿದ ಮೇಲೆ ಪಂಪು, ಲಿವರ್ ಮತ್ತು ತೇಪೆಗಳ ಒಂದು ಪೆಟ್ಟಿಗೆಯನ್ನು ಶಾಲೆಯಲ್ಲಿ ಎಲ್ಲರ ಕೈಗೆ ಸಿಗುವಂತೆ ಇಡಬೇಕು. ಅದರ ಹೊಣೆಯನ್ನು ವಾರಕ್ಕಿಬ್ಬರಂತೆ ವಿದ್ಯಾರ್ಥಿಗಳಿಗೆ ವಹಿಸಬೇಕು. ಒಣಗಿದ ಸೊಲ್ಯೂಷನನ್ನು ಬದಲಿಸುವುದೂ ಅವರ ಕೆಲಸ. ಒಂದು ತಿಂಗಳ ನಂತರ ಶಿಕ್ಷಕರು ಹಾಜರಿ ಪುಸ್ತಕವನ್ನು ತೆರೆದು, ದೂರದ ವಸ್ತಿಗಳಿಂದ ಬರುವ ಮಕ್ಕಳು ಎಷ್ಟು ದಿನ ಬಂದಿಲ್ಲ, ಏಕೆ ಬಂದಿಲ್ಲ ಎಂದು ಅವರನ್ನೇ ಕೇಳಿ ಬರೆದಿಟ್ಟುಕೊಳ್ಳಬೇಕು.