ಬಯಲಿನಲ್ಲಿ ಸಂಗೀತ

ವಿದ್ಯಾರ್ಥಿಗಳೇ, ನಮ್ಮ ಚೇಕಾಡಿಯ ಗದ್ದೆಯ ಬದುವಿನಲ್ಲಿ ನಿಂತು ಹಾಡಿದರೆ ದನಿ ತರಗತಿಯಲ್ಲಿ ಕೇಳಿದಷ್ಟು ತುಂಬಾಗಿ ಕೇಳದು. ಗೋಡೆಗಳಿದ್ದರೆ ನಾದವು ತಾಗಿ ಮರಳುತ್ತದೆ, ಬಯಲಿನಲ್ಲಿ ಚದುರಿಹೋಗುತ್ತದೆ.

ಆದರೂ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಶ್ರೀರಾಮಸೇವಾ ಮಂಡಳಿಯವರು 1939ರಲ್ಲಿ ಆರಂಭಿಸಿದ ರಾಮನವಮಿ ಸಂಗೀತೋತ್ಸವವು ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ, ಚಪ್ಪರದ ಕೆಳಗೆ, ಬೇಸಗೆಯ ಸಂಜೆಗಳಲ್ಲಿ ನಡೆದು ಹೆಸರಾಯಿತು. ಇಂದು ಧ್ವನಿವರ್ಧಕವಿದೆ. ಅದು ಬಳಕೆಗೆ ಬರುವ ಮೊದಲು ದೊಡ್ಡ ಸಭೆಯ ಹಿಂದಿನ ಸಾಲಿಗೆ ಪಿಟೀಲಿನ ನಾದ ಮುಟ್ಟುವುದು ಕಷ್ಟವಾಗಿತ್ತು. ಈ ಕೊರತೆಯನ್ನು ನೀಗಲು ಮೈಸೂರು ಟಿ. ಚೌಡಯ್ಯನವರು ನಾಲ್ಕು ತಂತಿಗಳಿಗೆ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿದರು. ಕೊರತೆಗೆ ಗೊಣಗದೆ ಉಪಾಯ ಹುಡುಕುವುದನ್ನು ನಾವು ಅವರಿಂದ ಕಲಿಯಬೇಕು.

ರಜೆಯಲ್ಲಿ ಒಂದೇ ಹಾಡನ್ನು ಮನೆಯೊಳಗೂ ಗದ್ದೆಯಲ್ಲೂ ಹಾಡಿ ನೋಡಿರಿ. ಪೋಷಕರು ಮಾತು ನಿಲ್ಲಿಸಿ ಕಿವಿಗೊಡಲಿ. ಬಯಲಿನಲ್ಲಿ ಕೇಳುವವರ ಮೌನವೂ ಹಾಡುವವರಿಗೆ ನೆರವಾಗುತ್ತದೆ.