ಕೆಂಪು ಎರಡು ಸಲ ಬಂದರೆ?

ನೋಡಮ್ಮ, ಬಚ್ಚಿಟ್ಟ ಬಣ್ಣ ಊಹಿಸೋ ಆಟದ ಪ್ರೋಗ್ರಾಂ ಬರಿ ಅಂದ ಕೂಡಲೇ ಲ್ಯಾಪ್‌ಟಾಪ್ ತೆರೆದು ಕೂರಬೇಡ. ಸಿಂಗಸಂದ್ರದಲ್ಲಿ ಹಳದಿ ಮಾರ್ಗದ ಮೆಟ್ರೊ ಹತ್ತಿ ಆರ್.ವಿ. ರೋಡ್ ತಲುಪೋಷ್ಟರಲ್ಲಿ ಇದರ ಮುಕ್ಕಾಲು ಕೆಲಸ ಒಂದು ಹಾಳೆ ಮೇಲೆ ಮುಗಿಯುತ್ತೆ. ಸೀಟು ಸಿಕ್ಕಿದ್ರೆ, ಅನ್ನು.

ಆಟ ಹೊಸದೇನಲ್ಲ. ಮೊರ್ಡೆಕೈ ಮೈರೋವಿಟ್ಜ್ 1970ರಲ್ಲಿ ರೂಪಿಸಿದ ಮಾಸ್ಟರ್‌ಮೈಂಡ್. ಆರು ಬಣ್ಣ, ನಾಲ್ಕು ಜಾಗ. ಬಣ್ಣ, ಜಾಗ ಎರಡೂ ಸರಿಯಿದ್ರೆ ಕಪ್ಪು ಗುರುತು; ಬಣ್ಣ ಇದೆ, ಜಾಗ ಬೇರೆ ಅಂದ್ರೆ ಬಿಳಿ.

ಮೊದಲು ಡೇಟಾ ಬರ್ಕೊ. ಗುಟ್ಟು ಅಂದ್ರೆ ನಾಲ್ಕು ಬಣ್ಣದ ಸಾಲು, ಒಂದೇ ಬಣ್ಣ ಮತ್ತೆ ಬರಬಹುದು. ಉತ್ತರ ಅಂದ್ರೆ ಎರಡು ಅಂಕಿ: ಕಪ್ಪೆಷ್ಟು, ಬಿಳಿಯೆಷ್ಟು. ಆಮೇಲೆ ಫಂಕ್ಷನ್: ಗುಟ್ಟು, ಊಹೆ ಎರಡನ್ನೂ ತಗೊಂಡು ಉತ್ತರ ಕೊಡಬೇಕು. ಸ್ಕ್ರೀನಿಗೆ ಬರೆಯೋದು ಅದರ ಕೆಲಸವಲ್ಲ.

‘ಮತ್ತೆ ಬರಬಹುದು’ ಅನ್ನೋ ಕಡೆಯೇ ಹುಡುಗರು ಜಾರೋದು. ಗುಟ್ಟು ಕೆಂಪು, ಕೆಂಪು, ನೀಲಿ, ಹಸಿರು. ಊಹೆ ಕೆಂಪು, ಹಳದಿ, ಕೆಂಪು, ಕೆಂಪು ಅಂತಿಟ್ಕೊ. ಮೊದಲ ಜಾಗಕ್ಕೆ ಒಂದು ಕಪ್ಪು. ಉಳಿದ ಎರಡು ಕೆಂಪಿಗೂ ಬಿಳಿ ಕೊಟ್ರೆ ಕೆಟ್ಟಿತು, ಗುಟ್ಟಲ್ಲಿ ಇನ್ನೊಂದೇ ಕೆಂಪು ಉಳಿದಿರೋದು. ಪ್ರತಿ ಬಣ್ಣ ಎರಡೂ ಕಡೆ ಎಷ್ಟಿದೆ ಎಣಿಸು, ಕಡಿಮೆ ಇರೋ ಸಂಖ್ಯೆ ಹಿಡಿ, ಎಲ್ಲ ಕೂಡಿಸು. ಅದರಲ್ಲಿ ಕಪ್ಪು ಕಳೆದರೆ ಬಿಳಿ. ಇಲ್ಲಿ ಒಂದೇ.

ತಾಳೆ ನೋಡೋ ಸೂತ್ರಗಳನ್ನೂ ಅದೇ ಹಾಳೆಗೆ ಹಾಕು. ಗುಟ್ಟು, ಊಹೆ ಅದಲುಬದಲಾದ್ರೂ ಉತ್ತರ ಬದಲಾಗಬಾರದು. ಮೂರು ಕಪ್ಪು, ಒಂದು ಬಿಳಿ ಬರೋದು ಸಾಧ್ಯವೇ ಇಲ್ಲ; ಹಾಗಾಗಿ ಬರಬಹುದಾದ ಉತ್ತರ ಒಟ್ಟು 14. ಎಐ ಬರೆದುಕೊಡುತ್ತಲ್ಲ ಅಂತೀಯ. ಕೊಡಲಿ. ಅದು ಎರಡು ಬಿಳಿ ಕೊಟ್ಟಾಗ ಹಿಡಿಯೋಕೆ ಈ ಹಾಳೆ ಬೇಕಲ್ಲ?

ಕಂಪ್ಯೂಟರೇ ಊಹಿಸಬೇಕಾದ್ರೂ ಹೊಸ ಮಂತ್ರ ಬೇಡ. ಸಾಧ್ಯವಿರೋ 1296 ಗುಟ್ಟನ್ನೂ ಸಾಲಾಗಿಟ್ಟು, ಇದೇ ಗುಟ್ಟಾಗಿದ್ರೆ ಊಹೆಗೆ ಸಿಕ್ಕ ಉತ್ತರವೇ ಬರ್ತಿತ್ತಾ ಅಂತ ಅದೇ ಫಂಕ್ಷನ್ನನ್ನ ಕೇಳು. ಬರದಿದ್ರೆ ತೆಗೆದುಹಾಕು. ಮುಂದಿನ ಊಹೆಯನ್ನ ಜಾಣತನದಿಂದ ಆರಿಸಿದ್ರೆ ಐದರೊಳಗೆ ಯಾವ ಗುಟ್ಟಾದ್ರೂ ಸಿಗುತ್ತೆ ಅಂತ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ 1977ರಲ್ಲೇ ತೋರಿಸಿದ್ರು. ಅವರ ಮೊದಲ ಊಹೆ ಎರಡು ಬಣ್ಣ, ತಲಾ ಎರಡು ಸಲ. ಒಂದೂ ತಾಗದಿದ್ರೂ ಉಳಿಯೋದು 256 ಮಾತ್ರ.

ಅಷ್ಟಕ್ಕೆ ಈಗಲೇ ಕೈ ಹಾಕಬೇಡ. ಎರಡು ಬಣ್ಣ, ಎರಡು ಜಾಗದಿಂದ ಶುರುಮಾಡು. ಗುಟ್ಟು ನಾಲ್ಕು, ಊಹೆ ನಾಲ್ಕು. 16 ಉತ್ತರವನ್ನೂ ಪೆನ್ಸಿಲ್ಲಲ್ಲೇ ತಾಳೆ ನೋಡಿಬಿಡಬಹುದು.